ಆದಿತ್ಯವಾರದ ಬೀಜಗಣಿತ

ಬೀಜಗಣಿತ ಅಂದಾಗ ನಾನು ನಕ್ಕುಬಿಟ್ಟೆ.
ಹತ್ತೊಂಬತ್ತು ವರ್ಷ ಬೀಜದ ಫ್ಯಾಕ್ಟರಿಯಲ್ಲಿ ಕೂತವಳಿಗೆ
ಅದರ ಗಣಿತ ಬೇರೆ ಉಂಟಾ ಮಾಷೇ, ಅಂತ.
ಶಿಜು ಮಾಷ್ ನಗಲಿಲ್ಲ. ಪಯ್ಯನೂರಿನವರು,
ಗೇರುಬೀಜಕ್ಕೆ ಅವರಲ್ಲಿ ಕಶುವಂಡಿ ಎನ್ನುವುದು.

ಕುಂಬಳೆಯ ಶಾಲೆ. ಸಣ್ಣ ಮಕ್ಕಳ ಬೆಂಚು,
ಕೂತರೆ ಮೊಣಕಾಲು ಡೆಸ್ಕಿಗೆ ತಾಗುತ್ತದೆ.
ಕಾಲೇಜು ಹತ್ತುವ ಮೊದಲು ಇಷ್ಟಾದರೂ ಲೆಕ್ಕ ಬರಬೇಕಂತೆ:
ನಲವತ್ತೊಂದರ ನನಗೆ, ರಿಕ್ಷಾದ ಐತಪ್ಪಣ್ಣನಿಗೆ,
ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮಣೆಯ,
ಮಗಳ ಹಳೇ ಕಂಪಾಸ್ ಪೆಟ್ಟಿಗೆ ಹೊತ್ತು ಬರುವ ಜುಲೇಖಾಳಿಗೆ.

ಭಿನ್ನರಾಶಿ ಕಷ್ಟವಾಗಲಿಲ್ಲ.
ಇಡೀ ಬೀಜ, ಅರೆ, ತುಂಡು, ನುಚ್ಚು,
ಎಲ್ಲಿಂದ ಎಲ್ಲಿಗೆ ಎಷ್ಟು ರೂಪಾಯಿ ಇಳಿಯುತ್ತದೆಂದು
ಬೆರಳಿಗೇ ಗೊತ್ತು.
ಮುಕ್ಕಾಲು ಎಂದರೆ ಮೂರು ಕಾಲು,
ಅಜ್ಜಿ ಎಣ್ಣೆ ಅಳೆಯುತ್ತಾ ಹೇಳಿದ್ದು.
ಮೂರು, ಕೆಳಗೊಂದು ಗೆರೆ, ಗೆರೆಯ ಕೆಳಗೆ ನಾಲ್ಕು
ಎಂದು ಬರೆದೆ: ಅಜ್ಜಿಯ ಮಾತಿಗೆ
ಸೊಂಟಪಟ್ಟಿ ಕಟ್ಟಿದ ಹಾಗಾಯಿತು.

ಋಣಸಂಖ್ಯೆಯೂ ಬಂತು. ಓಣಂ ಮುಂಗಡ ತಗೊಂಡವರಿಗೆ
ಸೊನ್ನೆಯ ಕೆಳಗೂ ವಾಸ ಉಂಟೆಂದು ಕಲಿಸಬೇಕಾ?

ಎಡವಿದ್ದು ಎಕ್ಸಿನಲ್ಲಿ.
ಅದು ಎಷ್ಟು ಮಾಷೇ? ಗೊತ್ತಿಲ್ಲ, ಅಂದರು.
ಗೊತ್ತಿಲ್ಲದ್ದನ್ನು ಹಾಗೇ ಬರೆದು ಮುಂದೆ ಹೋಗುವುದಾ?
ಹೋಗಬಹುದು, ಅಂದರು.
ಸಮವಾಕ್ಯಂ, ಅಂದರು. ನಮ್ಮ ಪುಸ್ತಕದಲ್ಲಿ ಸಮೀಕರಣ.
ನನಗೆ ಅವರ ಶಬ್ದವೇ ಹಿಡಿಸಿತು.
ಈ ಕಡೆ ಆಡಿದ್ದು ಆ ಕಡೆಗೂ ನಿಲ್ಲಬೇಕು.
ಅಂಥ ವಾಕ್ಯ ಮೇಸ್ತ್ರಿಯ ಬಾಯಲ್ಲಿ ಕೇಳಿದ್ದಿಲ್ಲ.

ಈಚೆಯದು ಆಚೆ ಹೋದರೆ ಚಿಹ್ನೆ ಬದಲು.
'ತಲಪಾಡಿ ದಾಟಿದರೆ ಬೋರ್ಡು ಬದಲಾಗುವ ಹಾಗೆ'
ಅಂದ ಐತಪ್ಪಣ್ಣ. ಕ್ಲಾಸಿಗೆ ಒಮ್ಮೆಗೇ ಅರ್ಥವಾಯಿತು,
ಮಾಷಿಗೆ ಸ್ವಲ್ಪ ತಡವಾಗಿ.

ಸಂಜೆ ಬುಟ್ಟಿ ಸಮೇತ ತೂಗುತ್ತಾರೆ ನಮ್ಮಲ್ಲಿ.
ಬುಟ್ಟಿಗೆಂದು ಒಂಬೈನೂರು ಗ್ರಾಂ ಕಳೆಯುತ್ತಾರೆ.
ಖಾಲಿ ಬುಟ್ಟಿ ತೂಗುವ ಕ್ರಮ ಇಲ್ಲ.
ಶುಕ್ರವಾರ ಒಂದೇ ಬುಟ್ಟಿ ತುಂಬಿಟ್ಟೆ:
ಎಂಟು ಕಿಲೋ ನಾನೂರ ಐವತ್ತು.
ಸೊಂಟ ಹಿಡಿದಿದೆ, ಎತ್ತಲಾಗುವುದಿಲ್ಲ ಎಂದು
ಅದೇ ಬೀಜ ಎರಡು ಬುಟ್ಟಿಗೆ ಹಂಚಿ
ಎರಡನ್ನೂ ಒಟ್ಟಿಗೆ ಇಟ್ಟೆ: ಒಂಬತ್ತು ಕಿಲೋ ಐವತ್ತು.
ಮೇಸ್ತ್ರಿ ಫೋನಿನಲ್ಲಿದ್ದ.

ಬೀಜ ವೈ. ಬುಟ್ಟಿ ಎಕ್ಸ್.
ರಾತ್ರಿ ಕರೆಂಟು ಬಿಲ್ಲಿನ ಬೆನ್ನಿಗೆ ಎರಡು ಸಾಲು ಬರೆದು
ಒಂದರಿಂದ ಒಂದನ್ನು ಕಳೆದೆ.
ವೈ ಹೋಯಿತು. ಇಡೀ ದಿನ ಸುಲಿದ ಬೀಜ
ಅಷ್ಟು ಸುಲಭದಲ್ಲಿ ಹೋಯಿತು.
ಉಳಿದದ್ದು ಬರೀ ಬುಟ್ಟಿ.
ಆರುನೂರು ಗ್ರಾಂ.

ಅಂದರೆ ಮುನ್ನೂರು, ದಿನಕ್ಕೆ.
ವರ್ಷಕ್ಕೆ ಇನ್ನೂರ ತೊಂಬತ್ತು ದಿನ, ಹತ್ತೊಂಬತ್ತು ವರ್ಷ.
ದಶಮಾಂಶದ ಚುಕ್ಕಿ ಮೂರು ಸಲ ಇಟ್ಟು ನೋಡಿದೆ,
ತಪ್ಪಾಗಿರಲಿ ಎಂದೇ.
ಸಾವಿರದ ಆರುನೂರ ಐವತ್ತಮೂರು ಕಿಲೋ.
ಒಬ್ಬಳದ್ದು. ನಾವು ಎಂಬತ್ತು ಜನ.
ಗುಣಿಸಲಿಲ್ಲ. ಎದ್ದು ಚಾ ಮಾಡಿದೆ.

ಇವತ್ತು ಮಾಷಿಗೆ ತೋರಿಸಿದೆ.
ಯಾವ ಬುಟ್ಟಿ ಎಂದು ಅವರು ಕೇಳಲಿಲ್ಲ.
ಸರಿ ಗುರುತು ಹಾಕಿ, ಅರ್ಧ ಮಾರ್ಕು ಕಳೆದರು.
ಎಂತಕ್ಕೆ ಮಾಷೇ?
ಉತ್ತರ ಬಂದರೆ ಆಗಲಿಲ್ಲ, ತಾಳೆ ನೋಡಬೇಕು.

ನೋಡಬೇಕು. ನಾಳೆ ಸೈರನ್ನಿಗೆ ಮೊದಲು,
ಎಲ್ಲರೂ ಗಂಜಿಯ ಡಬ್ಬಿ ಸಾಲಾಗಿ ಇಡುವ ಹೊತ್ತಿಗೆ
ಖಾಲಿ ಬುಟ್ಟಿ ತಕ್ಕಡಿಯ ಮೇಲಿಡುತ್ತೇನೆ.
ಜುಲೇಖಾ ಪಕ್ಕದಲ್ಲಿ ನಿಲ್ಲುತ್ತಾಳಂತೆ.
ಅಂಕೆ ಗಟ್ಟಿಯಾಗಿ ಓದುವುದು ಅವಳು.
ನನಗೆ ಚಾಳೀಸು ಬಂದಿದೆ, ತಕ್ಕಡಿಯ ಆ ಕೆಂಪಕ್ಷರ
ಕಣ್ಣಿಗೆ ಸರಿ ಹಿಡಿಯುವುದಿಲ್ಲ.