ಉಲ್ಲೇಖ ಸಿಗಲಿಲ್ಲ

ರಾತ್ರಿ ಒಂದೂವರೆ. ಸೊಲ್ಲಾಪುರ, ಅಕ್ಕಲಕೋಟೆ ರಸ್ತೆ.
ಗೋಡೆಯಾಚೆ ಪವರ್‌ಲೂಮು ಇನ್ನೂ ಟವೆಲ್ ಬಡಿಯುತ್ತಿದೆ.
ಇನ್ನೂರ ಹನ್ನೆರಡು ಪುಟ, ಬರಿಯ ಅಕ್ಷರದ ಕಡತ:
ಬಣ್ಣವಿಲ್ಲ, ಅಂಚಿಲ್ಲ, ದಪ್ಪಕ್ಕೆ ಎರಡೆರಡು ನಕ್ಷತ್ರ.
ಹೆಸರು ಬರಬೇಕಾದಲ್ಲಿ @ ಹಾಕಿ ಒಂದು ಕೀಲಿ ಬರಿ ಸಾಕು,
ಪಿಡಿಎಫ್ ಆಗುವಾಗ ಹೆಸರು, ಇಸವಿ, ಪುಟ
ತಾವೇ ಬಂದು ಕೂರುತ್ತವೆ ಅಂದಿದ್ದ ಮಲ್ಲಿನಾಥ.

ಕೂತವು. ನೂರ ನಲವತ್ತು ಕೂತವು.
ಎಪ್ಪತ್ತೊಂದನೆಯ ಪುಟದಲ್ಲಿ ಮಾತ್ರ
"ಮಾತೂ ಬೀಡಿ ಎಲಿ ಇದ್ದಂಗ. ರಾತ್ರಿ ತೊಯ್ಸಿ ಇಡಬೇಕು,
ಇಲ್ಲಂದ್ರ ಮುಂಜಾನಿ ಮುರೀತದ"
ಎಂಬಲ್ಲಿಗೆ ದಪ್ಪಗೆ, ಕಂಸದೊಳಗೆ,
(ಗುರವ್ವ?)

ತಪ್ಪು ನನ್ನದೇ.
ಬೀಡಿ ಕಾರ್ಡಿನಲ್ಲಿ ಗುರವ್ವ,
ರೇಷನ್ ಕಾರ್ಡಿನಲ್ಲಿ ಮರಾಠಿಯ ಗುರುಬಾಯಿ ಮೈಂದರ್ಗೀಕರ.
ಬರಹದಲ್ಲಿ ಒಂದನ್ನು ಕರೆದು
ಸೂಚಿಯಲ್ಲಿ ಇನ್ನೊಂದನ್ನು ಕೂರಿಸಿದ್ದೆ,
ಅದೂ ಬರಿಯ ಹೆಸರು, ಮುಂದೆಲ್ಲ ಖಾಲಿ.

ಹೊಸ ನಮೂದು ತೆರೆದೆ.
ಲೇಖಕರು: ಅವಳಿಗೆ ಬರೆಯಲು ಬಾರದು.
ಪ್ರಕಾಶಕರು: ಓಣಿಯ ಕಟ್ಟೆ, ನೆರಳು ಬಂದ ಮೇಲೆ.
ಹುಟ್ಟಿದ ಇಸವಿಯನ್ನೂ ಕೇಳಿದ್ದೆ. ಕತ್ತರಿ ನಿಲ್ಲಿಸದೆ ಅಂದಳು,
"ಗಿರಣಿ ಭೋಂಗಾ ನಿಂತ ವರ್ಷ ಮಗಳ ಲಗ್ನ ಆತು ನೋಡವಾ,
ಅದರ ಹಿಂದಿಂದು ನೀನೇ ಎಣಿಸು."
ಅಂಕಿಯಲ್ಲದ್ದನ್ನು ಆ ಜಾಗ ನುಂಗುವುದಿಲ್ಲ.
ಪುಟಕ್ಕೆ ಬದಲು ಮೊಬೈಲಿನಲ್ಲಿ ನಲವತ್ತು ನಿಮಿಷ;
ಹದಿನಾರನೆಯದರಲ್ಲಿ ಮೊಮ್ಮಗ ಮರಾಠಿಯಲ್ಲಿ ಚಹಾ ಕೇಳುತ್ತಾನೆ,
ಅವಳು ಕನ್ನಡದಲ್ಲಿ ಬಯ್ಯುತ್ತಾಳೆ.

ವೈಯಕ್ತಿಕ ಸಂವಹನ ಅಂತ ಹಾಕಿಬಿಡಿ, ಅಂದರು ಮಾರ್ಗದರ್ಶಕರು.
ಮಾತು ಬಳಸಬಹುದು, ಯಾದಿಗೆ ಸೇರಿಸಬೇಕಿಲ್ಲ.
ನಿಯಮ ಹಾಗೇ ಇದೆ, ನಾನೂ ಓದಿದ್ದೇನೆ.
ಗುರವ್ವ ಹೇಳಿದ್ದು ನೆನಪಾಯಿತು:
ಚೆಕ್ಕರ ಒಂದು ಕಟ್ಟು ಬಿಚ್ಚಿ, ನಾಲ್ಕು ಬೀಡಿ ಚಿವುಟಿ ನೋಡಿ,
ಇಡೀ ಕಟ್ಟನ್ನು ಒತ್ತಟ್ಟಿಗೆ ಒಗೆಯುತ್ತಾನಂತೆ.
ಒಗೆದ ಬೀಡಿಯನ್ನೂ ಮಾಲೀಕ ಮಾರುತ್ತಾನೆ.
ಎಣಿಕೆಗೆ ಮಾತ್ರ ಹಿಡಿಯುವುದಿಲ್ಲ.

ಬಗೆ: ಇತರೆ. ಇಸವಿ: ತಿಳಿಯದು.
ಕಾರ್ಡಿನ ಹೆಸರನ್ನೇ ಬರೆದು, ಊರು ಹಾಕಿ,
ಮತ್ತೆ ಓಡಿಸಿದೆ.
ಇಂಗ್ಲಿಷಿನವರೆಲ್ಲ ಮುಂದೆ ಸಾಲಾಗಿ ನಿಂತರು,
ಝಡ್ ಮುಗಿದ ಮೇಲೆ ಕನ್ನಡ ಶುರು,
ಕಲಬುರ್ಗಿಯ ಒಬ್ಬ ಪ್ರೊಫೆಸರರ ಕೆಳಗೆ
ಗುರವ್ವ, ಮೈಂದರಗಿ.

ಕೊನೆಗೆ ಒಂದು ಎಚ್ಚರಿಕೆ ಉಳಿಯಿತು, ಹಳದಿ ಅಕ್ಷರದಲ್ಲಿ:
ಗುರುಬಾಯಿ ಎಂಬ ನಮೂದನ್ನು
ಎಲ್ಲಿಯೂ ಉಲ್ಲೇಖಿಸಿಲ್ಲ.