ಹಗೆಗೆ ಎಷ್ಟು ಇಂಚು

ಜಿಪ್ಪು ಕೂಡಿಸುವ ಮಿಷನ್ನು ನಿಲ್ಲಿಸಿ
ಕರುಣಮ್ಮ ಕೇಳಿದಳು:
"ನಮ್ಮ ಸಭೆಗೆ ನೀನೂ ಹಗೆಯಾದ್ಯೇನ, ಸಲೋಮಿ?"

ಕೌಲ್ ಬಜಾರಿನ ತಗಡಿನ ಶೆಡ್ಡು.
ಹೊರಗೆ ಕೋಟೆಗುಡ್ಡದ ಬಂಡೆ ಹೆಂಚಿನಂತೆ ಕಾದಿತ್ತು,
ಒಳಗೆ ಜೀನ್ಸಿನ ನೀಲಿ ಧೂಳು, ಇಪ್ಪತ್ತು ಜನರ ಬೆವರು.
ನನ್ನ ಕೈಯಲ್ಲಿ ಚಾ.
ಆರು ವರ್ಷ ಮುಟ್ಟಿರಲಿಲ್ಲ,
ಈಗ ದಿನಕ್ಕೆ ನಾಲ್ಕು.

ಕೊರಳಲ್ಲಿ ಟೇಪಿತ್ತು. ಸೊಂಟ, ತೊಡೆ, ಕಾಲುದ್ದ
ಅಳೆದು ಅಳೆದು ಅಂಕಿ ಅಳಿಸಿಹೋದ ಟೇಪು.
ಹಗೆಯನ್ನು ಎಲ್ಲಿಂದ ಹಿಡಿದು ಅಳೆಯಬೇಕು?

ಚಾ ಹಗೆಯಲ್ಲ ಕರುಣಿ,
ಅದು ಬರೀ ತಲೆನೋವು.

ಆ ಹುಡುಗರು ಬಂದ ದಿನ ನೆನಪೈತಾ?
ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಫಲಕ.
ಹತ್ತೊಂಬತ್ತು ತುಂಬಿದ ಎಲ್ಡರ್‌ಗಳು.
"ಮೀಸೆ ಮೂಡದ ಹಿರಿಯರು" ಅಂದೆ ನಾನು,
ಅರ್ಥ ಬಿಡಿಸಿ ಹೇಳಿದ ಮೇಲೆ
ಅವರೇ ನನಗಿಂತ ಜೋರಾಗಿ ನಕ್ಕರು.
ಜಾರಿದ ಸೈಕಲ್ ಚೈನು ನಾನೇ ಹಾಕಿಕೊಟ್ಟೆ.
ಆ ನಗುವಿಗೆ ಹಲ್ಲಿತ್ತು,
ಕಚ್ಚಲಿಲ್ಲ.

ಕಟಿಂಗ್ ಮಾಸ್ತರ ತಿಪ್ಪೇರುದ್ರ
ಪಗಾರದ ದಿನ ತಪ್ಪದೆ ಕೇಳುತ್ತಿದ್ದನಲ್ಲ,
"ನಿಮ್ಮ ಮತದಾಗ ಒಬ್ಬೊಬ್ಬಗ ಎಷ್ಟು ಹೆಂಡ್ರು?"
ನೂರು ವರ್ಷದ ಹಿಂದೆಯೇ ಬಿಟ್ಟ ಮಾತು ಅದು ಅಂತ
ನೀನು ಸಮಾಧಾನವಾಗಿ ಹೇಳುವೆ.
ಮುಂದಿನ ತಿಂಗಳು ಮತ್ತೆ ಅದೇ.
ಗಂಡ ಸತ್ತು ಎಂಟು ವರ್ಷವಾದ ಹೆಂಗಸಿಗೆ.
ಆ ನಗು ಕಚ್ಚುತ್ತಿತ್ತು.
ನಾನು ತಲೆ ಬಗ್ಗಿಸಿ ಗುಂಡಿ ಎಣಿಸುತ್ತಿದ್ದೆ.
ಅಳೆಯುವುದಾದರೆ
ಅಲ್ಲಿ ನನ್ನದೂ ಒಂದು ಗೇಣು ಇರಬಹುದು.

ಚಿನ್ನದ ತಗಡಿನ ಮಾತು ಬೇರೆ.
"ಬರೆದದ್ದನ್ನು ದೇವದೂತ ಯಾಕೆ ತಿರುಗಿ ಒಯ್ದ?
ನಮ್ಮ ಕಡೆ ಕಲ್ಲಿನ ಶಾಸನ
ಹೊಲದಲ್ಲಿ ಎಮ್ಮೆ ಮೈ ತಿಕ್ಕಿದರೂ ನಿಂತೈತಿ" ಅಂದೆ.
ನೀನು ಕಣ್ಣೀರು ಹಾಕಿದೆ.
ನಿನ್ನ ಅಳು ನಿಜ,
ನನ್ನ ಪ್ರಶ್ನೆಯೂ.

ಸುಂಕಮ್ಮಜ್ಜಿಯ ಹೆಸರನ್ನು ಕೊಟ್ಟವಳು ನಾನೇ.
ಯಾವ ದೂರದ ಗುಡಿಯಲ್ಲೋ, ಯಾವ ಹುಡುಗಿಯೋ
ಅವಳ ಹೆಸರಿನಲ್ಲಿ ನೀರಿಗೆ ಮುಳುಗಿ ಎದ್ದಳಂತೆ.
ಹುಣ್ಣಿಮೆಗೊಮ್ಮೆ ಹೊಳೆ ದಾಟಿ
ಹುಲಿಗೆಮ್ಮನ ಮುಂದೆ ಬೇವಿನುಡುಗೆ ಉಟ್ಟು ನಿಲ್ಲುತ್ತಿದ್ದವಳು.
ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.
ಕೇಳಿದರೆ ನೀನೇ ಅಂದಿ:
"ಒತ್ತಾಯ ಇಲ್ಲವ್ವ. ಒಲ್ಲೆ ಅನ್ನೋ ಹಕ್ಕು
ಸತ್ತವರಿಗೂ ಐತಿ."

ಸತ್ತವಳಿಗಿದ್ದರೆ, ಕರುಣಿ,
ಉಸಿರಾಡುವವಳಿಗೆ?

ಇನ್ನು, ಆ ರಾತ್ರಿ.
ಸೈಕಲ್ ಅಂಗಡಿಯ ಮಾಳಿಗೆ ಮೇಲಿನ ಬಾಡಿಗೆ ಕೋಣೆ,
ಮುರಿದು ಎರಡಾದ ಬೋರ್ಡು.
ಬಂದವರು ಏನೂ ಕೇಳಲಿಲ್ಲ,
ಅವರಿಗೆ ತಗಡಿನ ಕಥೆಯೂ ಗೊತ್ತಿರಲಿಲ್ಲ.
ಮಾರನೆಯ ಭಾನುವಾರ ನನ್ನ ತಾಯಿಯ ಚರ್ಚಿನಲ್ಲಿ
"ಅವರು ನಮ್ಮವರೇ ಅಲ್ಲ" ಅಂದರು ಪಾದ್ರಿ.
ಯಾರೋ ಚಪ್ಪಾಳೆ ಹೊಡೆದರು.
ಮನೆ ಮಾಲೀಕ ಎರಡು ದಿನದ ಗಡುವು ಕೊಟ್ಟ.

ಆ ಎರಡು ದಿನ
ಒಮ್ಮೆಗೆ ನಾಲ್ಕರಂತೆ ಕುರ್ಚಿ ಹೊತ್ತವಳು ಯಾರು?
ರೊಟ್ಟಿಯ ತಟ್ಟೆ, ನೀರಿನ ಪುಟಾಣಿ ಲೋಟಗಳನ್ನು
ನನ್ನ ಮದುವೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಇಳಿಸಿದೆ.
ಪ್ರಾರ್ಥನೆ ಹೇಳಲಿಲ್ಲ.
ಮೆಟ್ಟಿಲು ಕಡಿದಾಗಿತ್ತು,
ಉಸಿರು ಸಾಕಾಗುತ್ತಿರಲಿಲ್ಲ.

ಇಷ್ಟನ್ನೂ ಬಾಯಿಬಿಟ್ಟು ಹೇಳಿದೆನೋ ಇಲ್ಲವೋ.
ಮಿಷನ್ನುಗಳ ಸದ್ದಿನಲ್ಲಿ ನನಗೇ ಗೊತ್ತಾಗಲಿಲ್ಲ.

ಕರುಣಮ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.
ಕತ್ತರಿಸಿಟ್ಟ ಜೇಬಿನ ತುಂಡೊಂದನ್ನು ತೆಗೆದು,
ಝಾಡಿಸಿ,
ಧೂಳು ಬೀಳದ ಹಾಗೆ
ನನ್ನ ಚಾ ಲೋಟದ ಮೇಲೆ ಮುಚ್ಚಿ
ಪೆಡಲ್ ಒತ್ತಿದಳು.