ಕೆಂಪು ಸೊನ್ನೆ

ಕಾನ್‌ಸ್ತಾಂತ್ಸಾ ಬಂದರಿನ ಹಿಂದುಗಡೆ, ಉಪ್ಪುಗಾಳಿಗೆ
ಬಣ್ಣ ಸುಲಿದ ಶಾಲೆ. ಸಂಜೆ ಏಳರ ತರಗತಿ.
ಮಕ್ಕಳ ಬೆಂಚು; ಮೊಣಕಾಲು ಎಲ್ಲಿಡುವುದೆಂದು ತಿಳಿಯದ
ನಾವು ಹನ್ನೊಂದು ಜನ. ನನಗೆ ನಲವತ್ತಮೂರು.
ಕ್ರೇನು ನಡೆಸುವವನಿಗೆ ಕೋನ ಹೊಸದೇನಲ್ಲ.
ತೋಳು ಎಪ್ಪತ್ತಕ್ಕೆ ಏರಿದರೆ ಎಷ್ಟು ಟನ್ನು,
ನಲವತ್ತಕ್ಕೆ ಬಾಗಿದರೆ ಎಷ್ಟು, ಅಂಗೈಗೆ ಗೊತ್ತು.
ಮೇಸ್ತ್ರಿಯಾಗಲು ಅಂಗೈ ಸಾಲದು,
ಕಾಗದ ಬೇಕಂತೆ.

ಸ್ಮರಾಂದಾ ಮೇಡಂ ಹಲಗೆಯ ಮೇಲೆ ಬರೆದರು:
ಸೈನ್, ಅದರಿಂದ ಕಳೆ ಸೈನ್ ಗುಣಿಸು ಕೊಸೈನ್ ವರ್ಗ.
"ಎರಡು ಕಡೆಯೂ ಕೂತಿರುವವರು ಯಾರು?
ಅವರನ್ನು ಹೊರಗೆ ಕರೆಯಿರಿ."
ಕರೆದೆವು. ಆವರಣದ ಹೊಸ್ತಿಲಾಚೆ ಬಂದು ನಿಂತಿತು ಸೈನ್.
ಒಳಗುಳಿದದ್ದು ಒಂದು ಕಳೆ ಕೊಸೈನ್ ವರ್ಗ.
ನೋಡಿದರೆ ಅದೂ ಸೈನೇ!
ವೇಷ ಹಾಕಿಕೊಂಡು, ಇಬ್ಬರಾಗಿ.
ಒಟ್ಟು ಸೈನ್ ಘನ. ಅಷ್ಟುದ್ದದ ಸಾಲು
ಒಂದೇ ಮಾತಾಗಿ ಇಳಿಯಿತು,
ಗೋಧಿಯ ಕಂಟೇನರು ಹಡಗಿನ ತಳಕ್ಕೆ
ಸದ್ದಿಲ್ಲದೆ ಕೂತ ಹಾಗೆ.

ಮೀನುಡಬ್ಬಿ ಕಾರ್ಖಾನೆಯ ಝಮ್ಫಿರಾ ಪಿಸುಗುಟ್ಟಿದಳು:
"ನಮ್ಮತ್ತೆ ಥೇಟ್ ಹೀಗೇ. ಹೊರಗೆ ಕಳಿಸಿದರೂ
ಒಳಗೇ ಇರುತ್ತಾಳೆ."

ಬುಧವಾರ ಪರೀಕ್ಷೆ.
ಎರಡು ಸೈನ್ ಗುಣಿಸು ಕೊಸೈನ್, ಸಮ, ಸೈನ್.
ಆಚೆಯೂ ಸೈನ್, ಈಚೆಯೂ ಸೈನ್,
ಎರಡನ್ನೂ ಒಂದೇ ಗೀಟಿಗೆ ಹೊಡೆದುಹಾಕಿದೆ.
ಕೊಸೈನ್ ಅರ್ಧ. ಕೋನ ಅರವತ್ತು.
ಕೈ ತೊಳೆದುಕೊಂಡಷ್ಟು ಚೊಕ್ಕಟ.

ಕಾಗದ ಮರಳಿ ಬಂತು. ಉತ್ತರದ ಪಕ್ಕ
ದುಂಡಗೆ, ಕೆಂಪಗೆ, ಒಂದು ಸೊನ್ನೆ.
ಸೊನ್ನೆ ಸುತ್ತಿಬಿಟ್ಟರಲ್ಲ, ಈ ವಯಸ್ಸಿಗೆ ಇದು ಬೇಕಿತ್ತೆ,
ಎಂದು ಕೋಟು ಎತ್ತಿಕೊಂಡೆ.
"ಕೂರಿ, ಪನಾಯಿತ್. ಅದು ಅಂಕವಲ್ಲ, ಉತ್ತರ.
ನೀವು ಬಿಟ್ಟುಬಂದದ್ದು.
ಎರಡು ಕಡೆ ಇದೆಯೆಂದು ಹೊಡೆದುಹಾಕುವುದಲ್ಲ;
ಒಂದೇ ಕಡೆಗೆ ತಂದು, ಆವರಣದಾಚೆ ತೆಗೆದು,
ಕಣ್ಣೆದುರೇ ನಿಲ್ಲಿಸಿಕೊಳ್ಳಿ.
ಅದೇ ಸೊನ್ನೆಯಾಗಿದ್ದರೆ?"

ಸೊನ್ನೆ ಡಿಗ್ರಿ.
ಕಪ್ಪು ಸಮುದ್ರ ಬಿರುಗಾಳಿ ಎಬ್ಬಿಸಿದ ದಿನ
ತೋಳನ್ನು ನೆಲಕ್ಕೆ ಸಮನಾಗಿ ಮಲಗಿಸುತ್ತೇವೆ.
ಎತ್ತಿದ್ದಿಲ್ಲ, ಇಳಿಸಿದ್ದಿಲ್ಲ;
ದಿನಚರಿಯ ಪುಸ್ತಕದಲ್ಲಿ ಬರೀ ಒಂದು ಅಡ್ಡಗೀಟು,
ಅರ್ಧ ಸಂಬಳ.
ಅಂಥದೊಂದು ಮಧ್ಯಾಹ್ನ, ಕಿಟಕಿ ದಡದಡ ಎನ್ನುತ್ತಿರಲು,
ಅಡುಗೆಮನೆಯ ಮೇಜಿನ ಕಾಲು ಬಿಟ್ಟು
ಮಗಳು ನೆಟ್ಟಗೆ ಎದ್ದು ನಿಂತಿದ್ದಳು.
ನಾನು ಮನೆಯಲ್ಲಿದ್ದೆ.

ಪೆನ್ಸಿಲು ಕೇಳಿ ತೆಗೆದುಕೊಂಡು
ಎರಡೂ ಬರೆದೆ: ಸೊನ್ನೆ, ಅರವತ್ತು.
ಸೊನ್ನೆಯನ್ನು ಮೊದಲು.